ಉಚ್ಚ ತಾಪದಲ್ಲಿ ಕಾರ್ಬನ್ ಕಾಂಪೋಸಿಟ್‌ಗಳ ಶಬ್ದವೇಗ ಮಾಪನ

ಕಾರ್ಬನ್ ನಾರುಗಳಿಂದ ಬಲಪಡಿಸಿದ ವಸ್ತುವನ್ನು ನಿಯಂತ್ರಿತ ತಾಪಕ್ಕೆ ಕಾಯಿಸಿ, ಕಾದ ಸ್ಥಿತಿಯಲ್ಲೇ ಅದರೊಳಗೆ ಶಬ್ದತರಂಗ ಸಾಗುವ ವೇಗವನ್ನು ನಿರ್ಧರಿಸುವ ಪ್ರಯೋಗಕ್ರಮಕ್ಕೆ ಉಚ್ಚ ತಾಪದ ಶಬ್ದವೇಗ ಮಾಪನ ಎಂದು ಹೆಸರು. ಘನವಸ್ತುವಿನಲ್ಲಿ ಶಬ್ದದ ವೇಗವನ್ನು ಅದರ ಬಿಗುಪು ಮತ್ತು ಸಾಂದ್ರತೆ ನಿರ್ಧರಿಸುತ್ತವೆ. ಆದ್ದರಿಂದ ವೇಗ ತಿಳಿದರೆ ವಸ್ತುವನ್ನು ಮುರಿಯದೆ, ಎಳೆಯದೆ, ಅದರ ಸ್ಥಿತಿಸ್ಥಾಪಕ ಗುಣಾಂಕಗಳನ್ನು ಲೆಕ್ಕಹಾಕಬಹುದು. ರಾಕೆಟ್ ನಳಿಕೆ, ವಿಮಾನದ ಬ್ರೇಕ್ ತಟ್ಟೆ, ಮರುಪ್ರವೇಶ ವಾಹನದ ಮೂಗು ಮೊದಲಾದ ಭಾಗಗಳು ಕೆಲಸ ಮಾಡುವುದು ನೂರಾರು, ಕೆಲವೊಮ್ಮೆ ಸಾವಿರಾರು ಡಿಗ್ರಿಗಳಲ್ಲಿ. ಕೊಠಡಿಯ ತಾಪದಲ್ಲಿ ಪಡೆದ ಅಂಕಿಗಳು ಅಲ್ಲಿನ ನಡವಳಿಕೆಯನ್ನು ತಿಳಿಸುವುದಿಲ್ಲ. ಈ ಅಂತರವನ್ನು ತುಂಬುವುದೇ ಈ ಮಾಪನದ ಉದ್ದೇಶ.

ಪರಿಭಾಷೆ

ಕಾಂಪೋಸಿಟ್ ಎಂದರೆ ಎರಡು ಅಥವಾ ಹೆಚ್ಚು ಘಟಕಗಳು ತಮ್ಮ ಗುರುತನ್ನು ಕಳೆದುಕೊಳ್ಳದೆ ಒಂದಾಗಿ ಕೆಲಸ ಮಾಡುವ ಸಂಯೋಜಿತ ವಸ್ತು. ಭಾರವನ್ನು ಹೊರುವ ಘಟಕ ನಾರು. ನಾರುಗಳನ್ನು ಹಿಡಿದಿಟ್ಟು ಭಾರವನ್ನು ಹಂಚುವ ಘಟಕ ಮ್ಯಾಟ್ರಿಕ್ಸ್. ಈ ಲೇಖನದಲ್ಲಿ ‘ಕಾರ್ಬನ್ ಕಾಂಪೋಸಿಟ್’ ಎಂಬುದು ಕಾರ್ಬನ್ ನಾರುಳ್ಳ ಎಲ್ಲ ಬಗೆಗಳಿಗೂ ಅನ್ವಯಿಸುತ್ತದೆ. ನಾರು ಮತ್ತು ಮ್ಯಾಟ್ರಿಕ್ಸ್ ಎರಡೂ ಕಾರ್ಬನ್ನೇ ಆಗಿರುವ ಬಗೆಯನ್ನು ‘ಕಾರ್ಬನ್–ಕಾರ್ಬನ್’ ಎಂದು ಬೇರೆಯಾಗಿ ಹೆಸರಿಸಲಾಗಿದೆ.

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ ತರಂಗ ಶ್ರವಣಾತೀತ ತರಂಗ. ಕಣಗಳು ತರಂಗ ಸಾಗುವ ದಿಕ್ಕಿನಲ್ಲೇ ಕಂಪಿಸಿದರೆ ಅದು ನೀಳ ತರಂಗ. ಆ ದಿಕ್ಕಿಗೆ ಲಂಬವಾಗಿ ಕಂಪಿಸಿದರೆ ಅಡ್ಡ ತರಂಗ. ತೆಳು ಹಲಗೆಯ ಎರಡು ಮೇಲ್ಮೈಗಳ ನಡುವೆ ಕಟ್ಟುಬಿದ್ದು ಹಲಗೆಯುದ್ದಕ್ಕೂ ಸಾಗುವುದು ಲ್ಯಾಂಬ್ ತರಂಗ. ಒಂದೇ ಆವೃತ್ತಿಯ ತರಂಗದ ಶಿಖರ ಸಾಗುವ ವೇಗಕ್ಕೆ ಪ್ರಾವಸ್ಥಾ ವೇಗವೆಂದೂ, ಶಕ್ತಿ ಸಾಗುವ ವೇಗಕ್ಕೆ ಗುಂಪುವೇಗವೆಂದೂ ಹೆಸರು. ಸಾಗುತ್ತಾ ತರಂಗದ ಪಾರ ಕುಗ್ಗುವುದು ಕ್ಷೀಣತೆ. ‘ಉಚ್ಚ ತಾಪ’ ಎಂಬುದಕ್ಕೆ ವಸ್ತುವಿಗೆ ತಕ್ಕಂತೆ ಅರ್ಥವಿದೆ: ರಾಳದ ಮ್ಯಾಟ್ರಿಕ್ಸ್ ಇದ್ದರೆ 100ರಿಂದ 300° ಸೆ.; ಕಾರ್ಬನ್–ಕಾರ್ಬನ್ ಆದರೆ ಸುಮಾರು 500ರಿಂದ 2,000° ಸೆ. ಮತ್ತು ಅದಕ್ಕೂ ಮೇಲೆ.

ಇತಿಹಾಸ

ದಿಕ್ಕಿಗೊಂದು ಗುಣವುಳ್ಳ ಘನವಸ್ತುಗಳಲ್ಲಿ ತರಂಗವೇಗವನ್ನು ಸ್ಥಿತಿಸ್ಥಾಪಕ ಗುಣಾಂಕಗಳೊಂದಿಗೆ ಜೋಡಿಸುವ ಸಮೀಕರಣವನ್ನು 1877ರಲ್ಲಿ ಜರ್ಮನ್ ಗಣಿತಜ್ಞ ಕ್ರಿಸ್ಟಾಫೆಲ್ ರೂಪಿಸಿದ. ಒತ್ತಿದಾಗ ವಿದ್ಯುತ್ತನ್ನು ಹೊಮ್ಮಿಸುವ ಹರಳುಗಳ ಗುಣವನ್ನು, ಅಂದರೆ ಪೀಜೋವಿದ್ಯುತ್ ಪರಿಣಾಮವನ್ನು, 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ಶ್ರವಣಾತೀತ ತರಂಗಗಳನ್ನು ಹುಟ್ಟಿಸುವ ಮತ್ತು ಗ್ರಹಿಸುವ ಉಪಕರಣಗಳಿಗೆ ಇದೇ ತಳಹದಿಯಾಯಿತು. ಹಲಗೆಯಲ್ಲಿ ಸಾಗುವ ತರಂಗಗಳ ಸಿದ್ಧಾಂತವನ್ನು ಹೊರೇಸ್ ಲ್ಯಾಂಬ್ 1917ರಲ್ಲಿ ಪ್ರಕಟಿಸಿದ.

ಶ್ರವಣಾತೀತ ತರಂಗಗಳ ಅಧ್ಯಯನದಲ್ಲಿ ಬೆಂಗಳೂರಿಗೆ ಪ್ರಮುಖ ಸ್ಥಾನವಿದೆ. ಸಿ. ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅಲ್ಲಿ ಅವರು ಎನ್. ಎಸ್. ನಾಗೇಂದ್ರನಾಥ್ ಅವರೊಂದಿಗೆ 1935–36ರಲ್ಲಿ, ಶ್ರವಣಾತೀತ ತರಂಗಗಳು ಹಾಯುತ್ತಿರುವ ಮಾಧ್ಯಮದಲ್ಲಿ ಬೆಳಕು ವಿವರ್ತನೆಗೊಳ್ಳುವ ಬಗೆಯನ್ನು ಸರಣಿ ಪ್ರಬಂಧಗಳಲ್ಲಿ ವಿವರಿಸಿದರು. ಇದು ರಾಮನ್–ನಾಥ್ ಸಿದ್ಧಾಂತವೆಂದು ಪ್ರಸಿದ್ಧವಾಗಿದೆ. ರಾಮನ್ ಅವರ ಶಿಷ್ಯ ಎಸ್. ಭಗವಂತಂ ಮತ್ತು ಜೆ. ಭೀಮಸೇನಾಚಾರ್ ಶ್ರವಣಾತೀತ ವಿಧಾನದಿಂದ ವಜ್ರದ ಸ್ಥಿತಿಸ್ಥಾಪಕ ಗುಣಾಂಕಗಳನ್ನು ಅಳೆದು 1946ರಲ್ಲಿ ಪ್ರಕಟಿಸಿದರು. ಕಾರ್ಬನ್ನಿನ ಒಂದು ರೂಪದ ಬಿಗುಪನ್ನು ತರಂಗವೇಗದಿಂದ ನಿರ್ಧರಿಸಿದ ಆರಂಭಿಕ ಪ್ರಯೋಗಗಳಲ್ಲಿ ಇದೂ ಒಂದು. ಭಗವಂತಂ ಅವರು 1957ರಿಂದ 1962ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಕಾರ್ಬನ್–ಕಾರ್ಬನ್ ವಸ್ತು ಸಿಕ್ಕಿದ್ದು 1958ರಲ್ಲಿ, ಅಮೆರಿಕದ ಚಾನ್ಸ್ ವಾಟ್ ಕಂಪನಿಯ ಪ್ರಯೋಗಾಲಯದಲ್ಲಿ, ಆಕಸ್ಮಿಕವಾಗಿ. ಅದೇ ವರ್ಷ ರೋಜರ್ ಬೇಕನ್ ಅತಿ ಬಿಗುಪಿನ ಗ್ರಾಫೈಟ್ ಎಳೆಗಳನ್ನು ತಯಾರಿಸಿದ. 1960ರ ದಶಕದಲ್ಲಿ ಜಪಾನಿನ ಅಕಿಯೊ ಶಿಂಡೊ ಮತ್ತು ಬ್ರಿಟನ್ನಿನ ಫಾರ್ನ್‌ಬರೊ ಪ್ರಯೋಗಾಲಯದವರು ಪಾಲಿಅಕ್ರಿಲೊನೈಟ್ರೈಲ್ ಎಳೆಯಿಂದ ಕಾರ್ಬನ್ ನಾರು ತಯಾರಿಸುವ ಮಾರ್ಗವನ್ನು ತೆರೆದರು. ಲೇಸರ್ ಮಿಡಿತವೊಂದು ಘನವಸ್ತುವಿನಲ್ಲಿ ಶಬ್ದತರಂಗವನ್ನು ಹುಟ್ಟಿಸಬಲ್ಲದೆಂಬುದನ್ನು ಆರ್. ಎಂ. ವೈಟ್ 1963ರಲ್ಲಿ ತೋರಿಸಿದ. ಕಾದ ವಸ್ತುವನ್ನು ಮುಟ್ಟದೆ ಅಳೆಯುವ ವಿಧಾನಕ್ಕೆ ಅಲ್ಲಿಂದ ದಾರಿಯಾಯಿತು.

ವಸ್ತುವಿನ ರಚನೆ ಮತ್ತು ಬಗೆಗಳು

ಕಾರ್ಬನ್ ನಾರಿನ ಒಳರಚನೆ ಗ್ರಾಫೈಟ್ ಪದರಗಳದು. ಪದರದೊಳಗೆ ಪರಮಾಣುಗಳ ಬಂಧ ಅತ್ಯಂತ ಬಲವಾಗಿಯೂ ಪದರಗಳ ನಡುವೆ ದುರ್ಬಲವಾಗಿಯೂ ಇದೆ. ಪರಿಪೂರ್ಣ ಗ್ರಾಫೈಟ್ ಹರಳಿನಲ್ಲಿ ಪದರದ ದಿಕ್ಕಿನ ಗುಣಾಂಕ ಸುಮಾರು 1,060 ಗಿಗಾಪಾಸ್ಕಲ್. ಪದರಗಳಿಗೆ ಲಂಬವಾಗಿ ಸುಮಾರು 36.5 ಗಿಗಾಪಾಸ್ಕಲ್ ಮಾತ್ರ. ಸಾಂದ್ರತೆ ಘನ ಸೆಂಟಿಮೀಟರಿಗೆ 2.26 ಗ್ರಾಂ. ಆದ್ದರಿಂದ ನೀಳ ತರಂಗವು ಪದರದುದ್ದಕ್ಕೆ ಸೆಕೆಂಡಿಗೆ ಸುಮಾರು 21,600 ಮೀಟರ್, ಪದರಗಳನ್ನು ಅಡ್ಡಹಾಯ್ದು ಸುಮಾರು 4,000 ಮೀಟರ್ ವೇಗದಲ್ಲಿ ಸಾಗುತ್ತದೆ. ದಿಕ್ಕು ಬದಲಾದೊಡನೆ ವೇಗ ಬದಲಾಗುವ ಈ ಸ್ವಭಾವ ನಾರಿನಿಂದ ಕಾಂಪೋಸಿಟ್‌ಗೂ ಬರುತ್ತದೆ.

ಮ್ಯಾಟ್ರಿಕ್ಸ್‌ನ ಆಧಾರದ ಮೇಲೆ ಕಾರ್ಬನ್ ಕಾಂಪೋಸಿಟ್‌ಗಳನ್ನು ಮೂರು ಮುಖ್ಯ ಬಗೆಗಳಾಗಿ ವಿಂಗಡಿಸಲಾಗುತ್ತದೆ.

1. ರಾಳದ ಮ್ಯಾಟ್ರಿಕ್ಸ್: ಎಪಾಕ್ಸಿ, ಬಿಸ್‌ಮ್ಯಾಲಿಮೈಡ್, ಪಾಲಿಇಮೈಡ್ ಮೊದಲಾದ ರಾಳಗಳಲ್ಲಿ ನಾರನ್ನು ಹುದುಗಿಸಿ, ಸಾಮಾನ್ಯವಾಗಿ ಆಟೋಕ್ಲೇವ್ ಎಂಬ ಒತ್ತಡದ ಕುಲುಮೆಯಲ್ಲಿ ಗಟ್ಟಿಗೊಳಿಸಲಾಗುತ್ತದೆ. ಎಪಾಕ್ಸಿ ಭಾಗಗಳ ಬಳಕೆ ಸಾಮಾನ್ಯವಾಗಿ 180° ಸೆ. ಒಳಗೆ, ಪಾಲಿಇಮೈಡ್ ಸುಮಾರು 300° ಸೆ. ವರೆಗೆ ತಾಳುತ್ತದೆ.

2. ಕಾರ್ಬನ್ ಮ್ಯಾಟ್ರಿಕ್ಸ್: ನಾರಿನ ಹೆಣಿಗೆಗೆ ರಾಳ ಅಥವಾ ಪಿಚ್ ತುಂಬಿ ಸುಮಾರು 1,000° ಸೆ. ನಲ್ಲಿ ಇಂಗಾಲೀಕರಿಸಿ, ಬೇಕಿದ್ದರೆ 2,000° ಸೆ. ಮೀರಿ ಗ್ರಾಫೈಟೀಕರಿಸಲಾಗುತ್ತದೆ. ಮೀಥೇನ್‌ನಂತಹ ಅನಿಲವನ್ನು ಹೆಣಿಗೆಯೊಳಗೆ ಹಾಯಿಸಿ ಕಾರ್ಬನ್ನನ್ನು ಕೂಡಿಸುವುದು ಇನ್ನೊಂದು ಮಾರ್ಗ. ಪ್ರತಿ ಸುತ್ತಿನಲ್ಲೂ ರಂಧ್ರಗಳು ಉಳಿಯುವುದರಿಂದ ತುಂಬಿಸುವ ಕ್ರಿಯೆಯನ್ನು ಹಲವು ಬಾರಿ ಪುನರಾವರ್ತಿಸಬೇಕು. ಸಿದ್ಧವಸ್ತುವಿನ ಸಾಂದ್ರತೆ ಸಾಮಾನ್ಯವಾಗಿ ಘನ ಸೆಂಟಿಮೀಟರಿಗೆ 1.6ರಿಂದ 1.9 ಗ್ರಾಂ.

3. ಸೆರಾಮಿಕ್ ಮ್ಯಾಟ್ರಿಕ್ಸ್: ಕಾರ್ಬನ್ ನಾರಿನ ಸುತ್ತ ಸಿಲಿಕಾನ್ ಕಾರ್ಬೈಡ್ ಇರುವ ಬಗೆ. ರಂಧ್ರಮಯ ಕಾರ್ಬನ್ ದೇಹಕ್ಕೆ 1,414° ಸೆ. ನಲ್ಲಿ ಕರಗುವ ಸಿಲಿಕಾನನ್ನು ಹೀರಿಸುವುದು ಇದರ ಒಂದು ತಯಾರಿಕಾ ವಿಧಾನ.

ನಾರುಗಳನ್ನು ಒಂದೇ ದಿಕ್ಕಿಗೆ ಜೋಡಿಸಬಹುದು, ಬಟ್ಟೆಯಾಗಿ ನೇಯ್ದು ಪದರ ಪದರವಾಗಿ ಇಡಬಹುದು, ಅಥವಾ ಮೂರು ದಿಕ್ಕುಗಳಲ್ಲಿ ಹೆಣೆಯಬಹುದು. ಜೋಡಣೆಯ ಸಮ್ಮಿತಿಗೆ ತಕ್ಕಂತೆ ಸ್ವತಂತ್ರ ಸ್ಥಿತಿಸ್ಥಾಪಕ ಗುಣಾಂಕಗಳ ಸಂಖ್ಯೆ ಬದಲಾಗುತ್ತದೆ. ಎಲ್ಲ ದಿಕ್ಕಿನಲ್ಲೂ ಸಮಾನ ಗುಣವುಳ್ಳ ವಸ್ತುವಿಗೆ 2, ಒಂದೇ ದಿಕ್ಕಿನ ನಾರುಳ್ಳದ್ದಕ್ಕೆ 5, ಮೂರು ಲಂಬ ದಿಕ್ಕುಗಳಲ್ಲಿ ಬೇರೆಬೇರೆ ಗುಣವುಳ್ಳದ್ದಕ್ಕೆ 9 ಗುಣಾಂಕಗಳು ಬೇಕು.

ಭೌತಿಕ ತತ್ತ್ವ

ಮೂಲ ಸಂಬಂಧ ಹೀಗಿದೆ: ವೇಗ = √(ಸ್ಥಿತಿಸ್ಥಾಪಕ ಗುಣಾಂಕ ÷ ಸಾಂದ್ರತೆ). ತರಂಗದೂರವು ಸರಳಿನ ದಪ್ಪಕ್ಕಿಂತ ಬಹಳ ಹೆಚ್ಚಿದ್ದರೆ ಇಲ್ಲಿ ಯಂಗ್ ಗುಣಾಂಕ ಬಳಕೆಯಾಗುತ್ತದೆ. ತರಂಗದೂರ ಬಹಳ ಚಿಕ್ಕದಾಗಿದ್ದರೆ ವಸ್ತು ಪಕ್ಕಕ್ಕೆ ಹಿಗ್ಗಲು ಅವಕಾಶವಿಲ್ಲದ್ದರಿಂದ ಅದಕ್ಕಿಂತ ಹೆಚ್ಚಿನ ಗುಣಾಂಕ ಅನ್ವಯಿಸುತ್ತದೆ. ದಿಕ್ಕಿನ ಭೇದವಿಲ್ಲದ, ಪಾಯ್ಸನ್ ಅನುಪಾತ (ಎಳೆದಾಗ ಪಕ್ಕಕ್ಕೆ ಕುಗ್ಗುವ ಪ್ರಮಾಣ) 0.2 ಇರುವ ವಸ್ತುವಿನಲ್ಲಿ ಈ ಎರಡು ವೇಗಗಳ ನಡುವೆ ಶೇ. 5ಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಹೀಗಾಗಿ ಯಾವ ಬಗೆಯ ವೇಗವನ್ನು ಅಳೆಯಲಾಗಿದೆ ಎಂಬುದನ್ನು ಫಲಿತಾಂಶದೊಂದಿಗೆ ನಮೂದಿಸುವುದು ಕಡ್ಡಾಯ.

ಕೊಠಡಿಯ ತಾಪದಲ್ಲಿ ಕೆಲವು ಮಾದರಿ ವೇಗಗಳು, ಸೆಕೆಂಡಿಗೆ ಮೀಟರ್‌ಗಳಲ್ಲಿ:

ಗಾಳಿ: ಸುಮಾರು 343
ಉಕ್ಕು, ನೀಳ ತರಂಗ: ಸುಮಾರು 5,900
230 ಗಿಗಾಪಾಸ್ಕಲ್ ಗುಣಾಂಕದ ಕಾರ್ಬನ್ ನಾರು, ಉದ್ದಕ್ಕೆ: ಸುಮಾರು 11,400
ಒಂದೇ ದಿಕ್ಕಿನ ಕಾರ್ಬನ್–ಎಪಾಕ್ಸಿ, ನಾರಿನ ಉದ್ದಕ್ಕೆ: ಸುಮಾರು 9,200
ಅದೇ ಹಲಗೆ, ನಾರಿಗೆ ಅಡ್ಡಲಾಗಿ: ಸುಮಾರು 2,900
60 ಗಿಗಾಪಾಸ್ಕಲ್ ಗುಣಾಂಕ, 1.7 ಸಾಂದ್ರತೆಯ ಕಾರ್ಬನ್–ಕಾರ್ಬನ್ ಸರಳು, ಪದರದುದ್ದಕ್ಕೆ: ಸುಮಾರು 5,900

ನಾರಿಗೆ ಓರೆಯಾಗಿ ತರಂಗವನ್ನು ಕಳಿಸಿದಾಗ ಶಕ್ತಿಯು ತರಂಗಮುಖಕ್ಕೆ ಲಂಬವಾಗಿ ಸಾಗದೆ ನಾರಿನ ಕಡೆಗೆ ವಾಲುತ್ತದೆ. ಆಗ ಪ್ರಾವಸ್ಥಾ ವೇಗ ಮತ್ತು ಗುಂಪುವೇಗ ಬೇರೆಯಾಗುತ್ತವೆ. ಗ್ರಾಹಕವು ಮೂಲದ ನೇರ ಎದುರಿಗೇ ಇದ್ದರೆ ಸಂಕೇತ ತಪ್ಪಿಹೋಗಬಹುದು. ಕ್ರಿಸ್ಟಾಫೆಲ್ ಸಮೀಕರಣದಿಂದ ಈ ವಾಲುವಿಕೆಯನ್ನು ಮೊದಲೇ ಲೆಕ್ಕಹಾಕಿ ಗ್ರಾಹಕದ ಸ್ಥಾನವನ್ನು ನಿಶ್ಚಯಿಸಲಾಗುತ್ತದೆ.

ತರಂಗದೂರ ಮತ್ತು ನೇಯ್ಗೆಯ ಅಳತೆಯ ಸಂಬಂಧವೂ ಮುಖ್ಯ. ಸೆಕೆಂಡಿಗೆ 3,000 ಮೀಟರ್ ವೇಗವಿದ್ದರೆ 1 ಮೆಗಾಹರ್ಟ್ಜ್ ತರಂಗದ ತರಂಗದೂರ 3 ಮಿ.ಮೀ., 5 ಮೆಗಾಹರ್ಟ್ಜ್‌ನದು 0.6 ಮಿ.ಮೀ. ತರಂಗದೂರವು ನಾರಿನ ಕಟ್ಟುಗಳ ಮತ್ತು ರಂಧ್ರಗಳ ಗಾತ್ರಕ್ಕೆ ಹತ್ತಿರವಾದಷ್ಟೂ ತರಂಗ ಚದುರಿ ಕ್ಷೀಣಿಸುತ್ತದೆ, ವೇಗವೂ ಆವೃತ್ತಿಯೊಂದಿಗೆ ಬದಲಾಗುತ್ತದೆ. ರಂಧ್ರ ಹೆಚ್ಚಿರುವ ಕಾರ್ಬನ್–ಕಾರ್ಬನ್ ವಸ್ತುವಿಗೆ ಹೀಗಾಗಿ ಲೋಹಗಳಿಗಿಂತ ಕಡಿಮೆ ಆವೃತ್ತಿಯನ್ನು ಆರಿಸಲಾಗುತ್ತದೆ.

ತಾಪದ ಪರಿಣಾಮ

ಹೆಚ್ಚಿನ ಲೋಹಗಳಲ್ಲಿ ತಾಪ ಏರಿದಂತೆ ಪರಮಾಣು ಬಂಧಗಳು ಸಡಿಲಗೊಂಡು ಶಬ್ದವೇಗ ಇಳಿಯುತ್ತದೆ. ಕಾರ್ಬನ್ ಕಾಂಪೋಸಿಟ್‌ಗಳಲ್ಲಿ ಏರಿಕೆಯೋ ಇಳಿಕೆಯೋ ಎಂಬುದನ್ನು ಮ್ಯಾಟ್ರಿಕ್ಸ್ ನಿರ್ಧರಿಸುತ್ತದೆ.

ರಾಳದ ಮ್ಯಾಟ್ರಿಕ್ಸ್ ಇರುವಲ್ಲಿ ನಾರಿನ ಉದ್ದದ ವೇಗ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಆ ದಿಕ್ಕಿನ ಬಿಗುಪು ನಾರಿನದು. ನಾರಿಗೆ ಅಡ್ಡಲಾಗಿ ವೇಗ ಕ್ರಮೇಣ ಇಳಿಯುತ್ತಾ ಹೋಗಿ, ರಾಳವು ಗಾಜಿನಂತಹ ಗಡಸು ಸ್ಥಿತಿಯಿಂದ ರಬ್ಬರಿನಂತಹ ಮೆದು ಸ್ಥಿತಿಗೆ ತಿರುಗುವ ಗಾಜು–ಸಂಕ್ರಮಣ ತಾಪದ ಬಳಿ ಥಟ್ಟನೆ ಕುಸಿಯುತ್ತದೆ. ಅಲ್ಲಿಯೇ ಕ್ಷೀಣತೆ ಗರಿಷ್ಠವಾಗುತ್ತದೆ. ವಸ್ತು ತೇವ ಹೀರಿದ್ದರೆ ಈ ಸಂಕ್ರಮಣ ತಾಪ ಕೆಳಗಿಳಿಯುತ್ತದೆ. ಪರೀಕ್ಷೆಗೆ ಮುನ್ನ ಮಾದರಿಯನ್ನು ಒಣಗಿಸಿದ ವಿವರವನ್ನು ದಾಖಲಿಸುವುದು ಈ ಕಾರಣಕ್ಕೆ.

ಗ್ರಾಫೈಟ್ ಮತ್ತು ಕಾರ್ಬನ್–ಕಾರ್ಬನ್ ವಸ್ತುಗಳ ನಡವಳಿಕೆ ಇದಕ್ಕೆ ವಿರುದ್ಧ. ತಯಾರಿಕೆಯ ತಾಪದಿಂದ ತಣ್ಣಗಾಗುವಾಗ ಪದರದ ದಿಕ್ಕಿಗೂ ಅದಕ್ಕೆ ಲಂಬವಾದ ದಿಕ್ಕಿಗೂ ಕುಗ್ಗುವಿಕೆ ಅಸಮಾನವಾಗಿರುವುದರಿಂದ ಒಳಗೆ ಸೂಕ್ಷ್ಮ ಬಿರುಕುಗಳು ಉಳಿಯುತ್ತವೆ. ಮತ್ತೆ ಕಾಯಿಸಿದಾಗ ಹರಳುಗಳು ಹಿಗ್ಗಿ ಈ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಗ್ರಾಫೈಟಿನ ಯಂಗ್ ಗುಣಾಂಕ ಸುಮಾರು 2,000° ಸೆ. ವರೆಗೂ ಏರುವುದಕ್ಕೆ ಮುಖ್ಯ ಕಾರಣ ಇದೇ. ವೇಗವು ಗುಣಾಂಕದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಗುಣಾಂಕ ಶೇ. 20 ಏರಿದರೆ ವೇಗ ಸುಮಾರು ಶೇ. 9.5 ಏರುತ್ತದೆ. ಇನ್ನೂ ಹೆಚ್ಚಿನ ತಾಪದಲ್ಲಿ ವಸ್ತು ಮೆಲ್ಲನೆ ಹರಿಯತೊಡಗಿ ಬಿಗುಪು ಇಳಿಯುತ್ತದೆ.

ಮೂರನೆಯ ಪರಿಣಾಮ ಉತ್ಕರ್ಷಣ. ಗಾಳಿಯಲ್ಲಿ ಸುಮಾರು 400–500° ಸೆ. ದಾಟಿದರೆ ಕಾರ್ಬನ್ ಉರಿದು ಅನಿಲವಾಗತೊಡಗುತ್ತದೆ. ನಾರು ಮತ್ತು ಮ್ಯಾಟ್ರಿಕ್ಸ್ ಸೇರುವ ಗಡಿಯಲ್ಲಿ ಸವೆತ ಮೊದಲು ಕಾಣಿಸಿಕೊಳ್ಳುವುದರಿಂದ, ತೂಕದಲ್ಲಿ ಅಲ್ಪ ನಷ್ಟವಾದರೂ ಬಿಗುಪು ಗಮನಾರ್ಹವಾಗಿ ಕುಗ್ಗುತ್ತದೆ. ಬಿರುಕು ಮುಚ್ಚಿದ್ದರಿಂದ ಬಂದ ಏರಿಕೆ ತಣ್ಣಗಾದಾಗ ಅಳಿದುಹೋಗುತ್ತದೆ. ಉತ್ಕರ್ಷಣದಿಂದ ಬಂದ ಇಳಿಕೆ ಹಾಗೆಯೇ ಉಳಿಯುತ್ತದೆ. ಕಾಯಿಸುವಾಗ ಮತ್ತು ತಣಿಸುವಾಗ ಎರಡೂ ಬಾರಿ ಅಳೆದು, ಎರಡು ರೇಖೆಗಳನ್ನು ಹೋಲಿಸಿ ಈ ಎರಡು ಪರಿಣಾಮಗಳನ್ನು ಬೇರ್ಪಡಿಸಲಾಗುತ್ತದೆ.

ಮಾಪನ ವಿಧಾನಗಳು

ಸ್ಪರ್ಶ ಮಿಡಿತ ವಿಧಾನ: ಮಾದರಿಯ ಒಂದು ಮುಖಕ್ಕೆ, ವಿದ್ಯುತ್ತನ್ನು ಕಂಪನವಾಗಿಯೂ ಕಂಪನವನ್ನು ವಿದ್ಯುತ್ತಾಗಿಯೂ ಬದಲಿಸುವ ಪೀಜೋವಿದ್ಯುತ್ ಟ್ರಾನ್ಸ್‌ಡ್ಯೂಸರ್ ಹಚ್ಚಿ ಚಿಕ್ಕ ಮಿಡಿತವೊಂದನ್ನು ಕಳಿಸಲಾಗುತ್ತದೆ. ಎದುರು ಮುಖದಲ್ಲಿ ಅದನ್ನು ಗ್ರಹಿಸಬಹುದು, ಅಥವಾ ಅದೇ ಮುಖಕ್ಕೆ ಮರಳುವ ಪ್ರತಿಧ್ವನಿಯನ್ನು ಕೇಳಬಹುದು. ಮೊದಲನೆಯದರಲ್ಲಿ ವೇಗ = ದಪ್ಪ ÷ ಕಾಲ; ಎರಡನೆಯದರಲ್ಲಿ ವೇಗ = ದಪ್ಪದ ಎರಡರಷ್ಟು ÷ ಕಾಲ. ಟ್ರಾನ್ಸ್‌ಡ್ಯೂಸರ್ ಮತ್ತು ಮಾದರಿಯ ನಡುವೆ ಗಾಳಿ ಉಳಿಯದಂತೆ ಎಣ್ಣೆ ಅಥವಾ ಜೆಲ್ ಹಚ್ಚಬೇಕು. ರಂಧ್ರಮಯ ವಸ್ತು ಅದನ್ನು ಹೀರಿಕೊಂಡರೆ ಅಳತೆಯೇ ಕೆಡುತ್ತದೆ. ಟ್ರಾನ್ಸ್‌ಡ್ಯೂಸರ್‌ಗೆ ಬಳಸುವ ಪಿಜಡ್‌ಟಿ ಎಂಬ ಪೀಜೋವಿದ್ಯುತ್ ಸೆರಾಮಿಕ್‌ಗಳು ಸಾಮಾನ್ಯವಾಗಿ 350° ಸೆ. ಆಸುಪಾಸಿನ ಕ್ಯೂರಿ ತಾಪದಲ್ಲಿ ತಮ್ಮ ಗುಣವನ್ನು ಕಳೆದುಕೊಳ್ಳುವುದರಿಂದ, ಬಳಕೆಯ ಮಿತಿ ಅದಕ್ಕಿಂತ ಸಾಕಷ್ಟು ಕೆಳಗಿದೆ. ಲೀಥಿಯಂ ನಯೋಬೇಟ್‌ನ ಕ್ಯೂರಿ ತಾಪ 1,100° ಸೆ. ಮೀರಿದೆ, ಅಲ್ಯೂಮಿನಿಯಂ ನೈಟ್ರೈಡ್ ಕೂಡ ಹೆಚ್ಚಿನ ತಾಪಕ್ಕೆ ಒಗ್ಗುತ್ತದೆ.

ತರಂಗವಾಹಕ ಸರಳಿನ ವಿಧಾನ: ಟ್ರಾನ್ಸ್‌ಡ್ಯೂಸರನ್ನು ಕುಲುಮೆಯ ಹೊರಗೆ ತಂಪಾಗಿಟ್ಟು, ಬೆಸೆದ ಸಿಲಿಕಾ ಅಥವಾ ಅಲ್ಯೂಮಿನಾ ಸರಳಿನ ಮೂಲಕ ತರಂಗವನ್ನು ಒಳಗಿನ ಮಾದರಿಗೆ ತಲುಪಿಸಲಾಗುತ್ತದೆ. ಸರಳಿನ ಒಂದು ತುದಿ ತಣ್ಣಗೆ, ಇನ್ನೊಂದು ತುದಿ ಕಾದಿರುವುದರಿಂದ ಸರಳಿನೊಳಗಿನ ಪಯಣಕಾಲವೂ ಬದಲಾಗುತ್ತದೆ. ಮಾದರಿಯ ಮುಂಭಾಗ ಮತ್ತು ಹಿಂಭಾಗಗಳ ಪ್ರತಿಧ್ವನಿಗಳ ನಡುವಿನ ಅಂತರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಸರಳಿನ ಪಾಲು ತಾನಾಗಿ ಕಳೆದುಹೋಗುತ್ತದೆ. ಮದ್ರಾಸಿನ ಐಐಟಿಯ ಅವಿನಾಶಕ ಪರೀಕ್ಷಾ ಕೇಂದ್ರವು ಉಚ್ಚ ತಾಪದ ಅಳತೆಗಾಗಿ ಇಂತಹ ತರಂಗವಾಹಕಗಳನ್ನು ಅಭಿವೃದ್ಧಿಪಡಿಸಿದೆ.

ಲೇಸರ್ ವಿಧಾನ: ಕೆಲವೇ ನ್ಯಾನೊಸೆಕೆಂಡ್ ಅವಧಿಯ ಲೇಸರ್ ಮಿಡಿತವು ಮೇಲ್ಮೈಯನ್ನು ಕ್ಷಣಮಾತ್ರದಲ್ಲಿ ಕಾಯಿಸಿ ಹಿಗ್ಗಿಸುತ್ತದೆ, ಆ ಹಿಗ್ಗುವಿಕೆಯೇ ಶಬ್ದತರಂಗಕ್ಕೆ ಮೂಲ. ಮಿಡಿತದ ಶಕ್ತಿ ಮಿತಿಮೀರಿದರೆ ಮೇಲ್ಮೈ ಆವಿಯಾಗಿ ಮಾದರಿಗೆ ಹಾನಿಯಾಗುತ್ತದೆ. ತರಂಗ ಇನ್ನೊಂದು ಮುಖವನ್ನು ಮುಟ್ಟಿದಾಗಿನ ನ್ಯಾನೊಮೀಟರ್ ಮಟ್ಟದ ಚಲನೆಯನ್ನು ಎರಡನೆಯ ಲೇಸರ್ ಮತ್ತು ವ್ಯತಿಕರಣಮಾಪಕ ಗ್ರಹಿಸುತ್ತವೆ. ಕಾರ್ಬನ್ ಬೆಳಕನ್ನು ಚೆನ್ನಾಗಿ ಹೀರುವುದರಿಂದ ತರಂಗ ಹುಟ್ಟಿಸುವುದು ಸುಲಭ. ಮೇಲ್ಮೈ ಕಪ್ಪಾಗಿ ಒರಟಾಗಿರುವುದರಿಂದ ಮರಳುವ ಬೆಳಕು ಕಡಿಮೆಯಾಗಿ ಗ್ರಹಿಸುವುದು ಕಷ್ಟ. 2,000° ಸೆ. ನಲ್ಲಿ ವಸ್ತು ತಾನೇ ಹೊರಸೂಸುವ ಬೆಳಕಿನ ಶಿಖರ ಸುಮಾರು 1.27 ಮೈಕ್ರೊಮೀಟರ್ ಬಳಿ ಇರುತ್ತದೆ. ಆದ್ದರಿಂದ ಗ್ರಹಣಕ್ಕೆ 1,064 ನ್ಯಾನೊಮೀಟರ್‌ಗಿಂತ 532 ನ್ಯಾನೊಮೀಟರ್‌ನ ಹಸಿರು ಲೇಸರ್ ಅನುಕೂಲಕರ; ಕಿರಿದಾದ ಪಟ್ಟಿಯ ಶೋಧಕವೂ ಬೇಕು. ಹಲವು ಲೇಸರ್ ಕಂಪನಮಾಪಕಗಳಲ್ಲಿ ಬೆಳಕಿನ ಆವೃತ್ತಿಯನ್ನು ಸರಿಸಲು ಶಬ್ದ–ಬೆಳಕಿನ ಕೋಶಗಳು ಬಳಕೆಯಲ್ಲಿವೆ. ರಾಮನ್ ಮತ್ತು ನಾಥ್ ವಿವರಿಸಿದ ವಿವರ್ತನೆ ಇದೇ ವರ್ಗದ ವಿದ್ಯಮಾನ.

ವಾಯುಮಾಧ್ಯಮ ವಿಧಾನ: ಟ್ರಾನ್ಸ್‌ಡ್ಯೂಸರ್ ಮತ್ತು ಮಾದರಿಯ ನಡುವೆ ಗಾಳಿಯನ್ನೇ ಮಾಧ್ಯಮವಾಗಿ ಬಳಸುವ ವಿಧಾನ. ಗಾಳಿ ಮತ್ತು ಕಾರ್ಬನ್–ಕಾರ್ಬನ್‌ನ ಶಬ್ದನಿರೋಧಗಳ (ಸಾಂದ್ರತೆ × ಶಬ್ದವೇಗ) ಅನುಪಾತ ಹತ್ತು ಸಾವಿರವನ್ನು ಮೀರುವುದರಿಂದ ಒಂದು ಮೇಲ್ಮೈಯನ್ನು ದಾಟುವ ಶಕ್ತಿ ಸುಮಾರು ಶೇ. 0.03 ಮಾತ್ರ. ಕಾದ ಗಾಳಿಯ ಚಲನೆ ತರಂಗದ ದಾರಿಯನ್ನು ಬಾಗಿಸುತ್ತದೆ. ಹೀಗಾಗಿ ಇದು ರಾಳದ ಹಲಗೆಗಳ ಮಿತ ತಾಪದ ಪರೀಕ್ಷೆಗಷ್ಟೇ ಹೊಂದುತ್ತದೆ.

ಅನುರಣನ ವಿಧಾನ: ಸರಳಿನಾಕಾರದ ಮಾದರಿಯನ್ನು ತಂತಿಗಳ ಮೇಲೆ ತೂಗುಹಾಕಿ, ಸಣ್ಣ ಪೆಟ್ಟು ಕೊಟ್ಟು, ಅದು ಮಿಡಿಯುವ ಸಹಜ ಆವೃತ್ತಿಯನ್ನು ದಾಖಲಿಸಲಾಗುತ್ತದೆ. 100 ಮಿ.ಮೀ. ಉದ್ದ, 5 ಮಿ.ಮೀ. ದಪ್ಪದ ಕಾರ್ಬನ್–ಕಾರ್ಬನ್ ಸರಳಿನಲ್ಲಿ ಶಬ್ದವೇಗ ಸೆಕೆಂಡಿಗೆ 5,900 ಮೀಟರ್ ಇದ್ದರೆ ಅದರ ಮೊದಲ ಬಾಗು ಆವೃತ್ತಿ ಸುಮಾರು 3,000 ಹರ್ಟ್ಜ್. ಆವೃತ್ತಿಯು ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ತಾಪದೊಂದಿಗೆ ಅದು ಸರಿಯುವುದನ್ನು ನಿರಂತರವಾಗಿ ಹಿಂಬಾಲಿಸಬಹುದು. ಕುಲುಮೆಯೊಳಗೆ ಇಡೀ ಮಾದರಿ ಒಂದೇ ತಾಪದಲ್ಲಿರುವುದು ಇದರ ಅನುಕೂಲ. ಪದರಗಳ ನಡುವಿನ ಜಾರು ಬಿಗುಪು ಕಡಿಮೆ ಇರುವ ಕಾಂಪೋಸಿಟ್‌ಗಳಲ್ಲಿ ದಪ್ಪ ಸರಳು ನಿಜಕ್ಕಿಂತ ಕಡಿಮೆ ಗುಣಾಂಕ ತೋರಿಸುತ್ತದೆ. ತೆಳುವಾದ ಉದ್ದನೆಯ ಮಾದರಿ ಅಥವಾ ತಿದ್ದುಪಡಿ ಸೂತ್ರ ಬೇಕು.

ಈ ವಿಧಾನಗಳಿಗೆ ಅಂತರರಾಷ್ಟ್ರೀಯ ಬಳಕೆಯ ಮಾನಕಗಳಿವೆ. ತಯಾರಿತ ಕಾರ್ಬನ್ ಮತ್ತು ಗ್ರಾಫೈಟ್‌ನ ಶಬ್ದವೇಗಕ್ಕೆ ಎಎಸ್‌ಟಿಎಂ ಸಿ769, ಅವುಗಳ ಅನುರಣನ ಪರೀಕ್ಷೆಗೆ ಸಿ747, ಪೆಟ್ಟಿನಿಂದ ಅನುರಣನ ಹುಟ್ಟಿಸುವ ಪರೀಕ್ಷೆಗೆ ಇ1876, ಸಾಮಾನ್ಯ ಶ್ರವಣಾತೀತ ವೇಗಮಾಪನಕ್ಕೆ ಇ494 ಮುಖ್ಯವಾದವು.

ಪ್ರಯೋಗ ವ್ಯವಸ್ಥೆ

ರಾಳದ ಕಾಂಪೋಸಿಟ್‌ಗಳಿಗೆ ಸಾಮಾನ್ಯ ವಿದ್ಯುತ್ ಒಲೆ ಸಾಕು. ಕಾರ್ಬನ್–ಕಾರ್ಬನ್ ಪರೀಕ್ಷೆಗೆ ನಿರ್ವಾತದ ಅಥವಾ ಆರ್ಗಾನ್ ತುಂಬಿದ ಕುಲುಮೆ ಬೇಕು, 2,000° ಸೆ. ಮಟ್ಟದಲ್ಲಿ ಕಾಯಿಸುವ ಅಂಗಗಳೂ ಗ್ರಾಫೈಟಿನವೇ ಆಗಿರುತ್ತವೆ. ಲೇಸರ್ ವಿಧಾನಕ್ಕೆ ಕುಲುಮೆಯ ಎರಡೂ ಬದಿ ಪಾರದರ್ಶಕ ಕಿಟಕಿಗಳಿರಬೇಕು. ತಾಪ ಅಳೆಯಲು ಸುಮಾರು 1,200° ಸೆ. ವರೆಗೆ ಕೆ-ಬಗೆಯ ಥರ್ಮೊಕಪಲ್, ಸುಮಾರು 2,300° ಸೆ. ವರೆಗೆ ಟಂಗ್‌ಸ್ಟನ್–ರೀನಿಯಂ ಥರ್ಮೊಕಪಲ್, ಅದಕ್ಕೂ ಮೇಲೆ, ಹೊಮ್ಮುವ ವಿಕಿರಣದಿಂದ ತಾಪ ತಿಳಿಸುವ ಪೈರೋಮೀಟರ್ ಬಳಸಲಾಗುತ್ತದೆ. ಪ್ರತಿ ತಾಪಮಟ್ಟದಲ್ಲೂ ಮಾದರಿಯ ಒಳಹೊರಗು ಸಮನಾಗುವವರೆಗೆ ಕಾದು ಬಳಿಕ ಅಳೆಯುವುದು ಕ್ರಮ.

ಲೆಕ್ಕ ಮತ್ತು ದೋಷಗಳು

10 ಮಿ.ಮೀ. ದಪ್ಪದ ಮಾದರಿಯಲ್ಲಿ ವೇಗ ಸೆಕೆಂಡಿಗೆ 3,000 ಮೀಟರ್ ಇದ್ದರೆ ಹೋಗಿಬರುವ ಕಾಲ ಸುಮಾರು 6.67 ಮೈಕ್ರೊಸೆಕೆಂಡ್. ಶೇ. 1ರ ಬದಲಾವಣೆ ಎಂದರೆ 67 ನ್ಯಾನೊಸೆಕೆಂಡ್, ಶೇ. 0.1 ಎಂದರೆ 7 ನ್ಯಾನೊಸೆಕೆಂಡಿಗೂ ಕಡಿಮೆ. ಪ್ರತಿಧ್ವನಿ ಶುರುವಾಗುವ ಬಿಂದುವನ್ನು ಕಣ್ಣಂದಾಜಿನಲ್ಲಿ ಗುರುತಿಸಿದರೆ ಇಷ್ಟು ನಿಖರತೆ ಸಿಗದು. ಎರಡು ಪ್ರತಿಧ್ವನಿಗಳ ಆಕಾರವನ್ನು ಒಂದರ ಮೇಲೊಂದು ಸರಿಸಿ ಹೊಂದಿಸುವ ಗಣಿತೀಯ ತುಲನೆಯಿಂದ ಕಾಲವನ್ನು ನಿರ್ಧರಿಸಲಾಗುತ್ತದೆ.

ಕಾದಾಗ ಮಾದರಿಯ ದಪ್ಪವೂ ಬದಲಾಗುತ್ತದೆ. ಡಿಗ್ರಿಗೆ ದಶಲಕ್ಷದಲ್ಲಿ 5 ಭಾಗದಂತೆ ಹಿಗ್ಗುವ ದಿಕ್ಕಿನಲ್ಲಿ 1,000 ಡಿಗ್ರಿ ಏರಿಕೆಗೆ ದಪ್ಪ ಶೇ. 0.5 ಹೆಚ್ಚುತ್ತದೆ. ಇದನ್ನು ಬಿಟ್ಟರೆ ವೇಗವನ್ನು ಅಷ್ಟೇ ಪ್ರಮಾಣದಲ್ಲಿ ಕಡಿಮೆ ಎಣಿಸಿದಂತಾಗುತ್ತದೆ. ವೇಗದಿಂದ ಗುಣಾಂಕ ಪಡೆಯುವಾಗ ಮೂರೂ ದಿಕ್ಕಿನ ವ್ಯಾಕೋಚನೆಯನ್ನು ಸೇರಿಸಿ ಸಾಂದ್ರತೆಯನ್ನೂ ತಿದ್ದಬೇಕು. ಮಾದರಿಯೊಳಗಿನ ತಾಪದ ಏರುಪೇರು, ಸಂಪರ್ಕ ಪದರದ ದಪ್ಪ, ನಾರಿನ ದಿಕ್ಕಿನಲ್ಲಿ ಕೆಲವು ಡಿಗ್ರಿಗಳ ಓರೆ, ಒಂದು ಮಾದರಿಯಿಂದ ಇನ್ನೊಂದಕ್ಕೆ ಇರುವ ಸರಂಧ್ರತೆಯ ವ್ಯತ್ಯಾಸ ಇವು ಉಳಿದ ದೋಷಮೂಲಗಳು. ದಿಕ್ಕು, ಆವೃತ್ತಿ, ತಾಪ, ಸುತ್ತಲಿನ ಅನಿಲ, ಮಾದರಿಯ ಹಿಂದಿನ ತಾಪಚರಿತ್ರೆ ಈ ಐದನ್ನೂ ನಮೂದಿಸಿದಾಗ ಮಾತ್ರ ಒಂದು ವೇಗದ ಅಂಕಿ ಇನ್ನೊಂದರೊಂದಿಗೆ ಹೋಲಿಕೆಗೆ ಅರ್ಹವಾಗುತ್ತದೆ.

ಉಪಯೋಗಗಳು

ವಿನ್ಯಾಸ: ಕಾದ ಭಾಗಗಳ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಲು ಪ್ರತಿ ತಾಪಕ್ಕೂ, ಪ್ರತಿ ದಿಕ್ಕಿಗೂ ಗುಣಾಂಕ ಬೇಕು. ಒಂದೇ ಮಾದರಿಯಿಂದ ಹಲವು ತಾಪಗಳ ಅಂಕಿಗಳನ್ನು ಪಡೆಯುವುದು ಎಳೆದು ಮುರಿಯುವ ಪರೀಕ್ಷೆಯಲ್ಲಿ ಸಾಧ್ಯವಿಲ್ಲ, ಇದರಲ್ಲಿ ಸಾಧ್ಯ.

ತಯಾರಿಕೆಯ ನಿಯಂತ್ರಣ: ಆಟೋಕ್ಲೇವ್‌ನಲ್ಲಿ ರಾಳ ಗಟ್ಟಿಯಾಗುತ್ತಾ ಹೋದಂತೆ ಶಬ್ದವೇಗ ಏರಿ ಕೊನೆಗೆ ಸ್ಥಿರವಾಗುತ್ತದೆ, ಗಟ್ಟಿಯಾಗುವಿಕೆ ಮುಗಿದದ್ದಕ್ಕೆ ಅದು ಸೂಚನೆ. ಕಾರ್ಬನ್–ಕಾರ್ಬನ್ ತಯಾರಿಕೆಯಲ್ಲಿ ಪ್ರತಿ ತುಂಬುವಿಕೆಯ ನಂತರ ವೇಗ ಏರುವುದನ್ನು ನೋಡಿ ರಂಧ್ರಗಳು ತುಂಬಿದ ಮಟ್ಟವನ್ನು ಅಂದಾಜಿಸಬಹುದು.

ಬ್ರೇಕ್‌ಗಳು: ಕಾನ್‌ಕಾರ್ಡ್ ವಿಮಾನದಿಂದ ಮೊದಲ್ಗೊಂಡು ಕಾರ್ಬನ್ ಬ್ರೇಕ್ ತಟ್ಟೆಗಳು ವಿಮಾನಗಳಲ್ಲಿ ಬಳಕೆಯಾಗುತ್ತಿವೆ. ತಟ್ಟೆಯ ಬಿಗುಪು ತಾಪದೊಂದಿಗೆ ಬದಲಾಗುವ ರೀತಿ, ಬ್ರೇಕ್ ಹಾಕುವಾಗಿನ ಕಂಪನವನ್ನು ಮುಂಗಾಣಲು ನೆರವಾಗುತ್ತದೆ.

ಮರುಪ್ರವೇಶ ವಾಹನಗಳು: ಅಮೆರಿಕದ ಬಾಹ್ಯಾಕಾಶ ನೌಕೆಗಳ ಮೂಗು ಮತ್ತು ರೆಕ್ಕೆಯ ಮುಂಚೂಣಿ ಅಂಚು 1,260° ಸೆ. ಮೀರಿದ ತಾಪ ತಾಳಲು ಬಲಪಡಿಸಿದ ಕಾರ್ಬನ್–ಕಾರ್ಬನ್‌ನಿಂದ ಆಗಿದ್ದವು. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮೃತಪಟ್ಟ ಕೊಲಂಬಿಯಾ ದುರಂತಕ್ಕೆ, ಉಡಾವಣೆಯ ವೇಳೆ ಕಳಚಿದ ನೊರೆತುಂಡು ಬಡಿದು ಎಡರೆಕ್ಕೆಯ ಇಂತಹ ಫಲಕ ಒಡೆದದ್ದು ಕಾರಣವಾಯಿತು. ಆ ಬಳಿಕ ಈ ವಸ್ತುವಿನ ಅವಿನಾಶಕ ಪರೀಕ್ಷೆಗೆ ಹೆಚ್ಚಿನ ಗಮನ ಬಂತು.

ಪರಮಾಣು ಸ್ಥಾವರಗಳು: ಗ್ರಾಫೈಟ್ ಬಳಸುವ ಸ್ಥಾವರಗಳಲ್ಲಿ ವಿಕಿರಣ ಮತ್ತು ಉತ್ಕರ್ಷಣದಿಂದಾಗುವ ಬದಲಾವಣೆಯನ್ನು ತಿಳಿಯಲು ಶಬ್ದವೇಗ ಪ್ರಮುಖ ಸೂಚಕ.

ಕರ್ನಾಟಕದಲ್ಲಿ

ಈ ಮಾಪನಕ್ಕೆ ಬೇಕಾದ ವಸ್ತುವಿಜ್ಞಾನ, ತರಂಗಸಿದ್ಧಾಂತ ಮತ್ತು ವಿಮಾನೋದ್ಯಮ ಮೂರೂ ಬೆಂಗಳೂರಿನಲ್ಲಿ ನೆಲೆಗೊಂಡಿವೆ. 1940ರಲ್ಲಿ ಆರಂಭವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಕಾಂಪೋಸಿಟ್ ಭಾಗಗಳನ್ನು ತಯಾರಿಸುತ್ತದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯಗಳು, ಅಂದರೆ ಎನ್‌ಎಎಲ್, ಪಾಲಿಅಕ್ರಿಲೊನೈಟ್ರೈಲ್ ಆಧಾರಿತ ಕಾರ್ಬನ್ ನಾರು ಮತ್ತು ಆಟೋಕ್ಲೇವ್ ತಂತ್ರಜ್ಞಾನಗಳನ್ನು ಅಭಿವೃದ್ಧಿಪಡಿಸಿತು. ಲಘು ಯುದ್ಧವಿಮಾನ ತೇಜಸ್‌ನ ಕಾಂಪೋಸಿಟ್ ಭಾಗಗಳ ತಯಾರಿಕೆಯಲ್ಲೂ ಅದು ಪಾಲ್ಗೊಂಡಿತು. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ ತೇಜಸ್‌ನ ಹೊರಮೈಯ ಬಹುಭಾಗ ಕಾರ್ಬನ್ ಕಾಂಪೋಸಿಟ್‌ನದು. ಇಂತಹ ಭಾಗಗಳನ್ನು ಶ್ರವಣಾತೀತ ತರಂಗಗಳಿಂದ ಸ್ಕ್ಯಾನ್ ಮಾಡಿ ಪರೀಕ್ಷಿಸುವುದು ಅವುಗಳ ಸ್ವೀಕಾರಕ್ರಮದ ಭಾಗ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲ್ಯಾಕ್ ಸಂಸ್ಥೆಯೂ ಬೆಂಗಳೂರಿನಲ್ಲಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ವಾಂತರಿಕ್ಷ ಎಂಜಿನಿಯರಿಂಗ್ ವಿಭಾಗದಲ್ಲಿ ಎಸ್. ಗೋಪಾಲಕೃಷ್ಣನ್ ಮತ್ತು ಸಹೋದ್ಯೋಗಿಗಳು ದಿಶಾವಲಂಬಿ ರಚನೆಗಳಲ್ಲಿ ತರಂಗಗಳ ಚಲನೆಯನ್ನು ಲೆಕ್ಕಹಾಕುವ ರೋಹಿತ ಪರಿಮಿತಾಂಶ ವಿಧಾನವನ್ನು ಬೆಳೆಸಿದ್ದಾರೆ. ಅಳೆದ ಸಂಕೇತಕ್ಕೂ ವಸ್ತುವಿನ ಗುಣಾಂಕಕ್ಕೂ ನಡುವಿನ ಕೊಂಡಿ ಇಂತಹ ಗಣಿತ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೊ, ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತಕ್ಕಾಗಿ ಕಾರ್ಬನ್–ಕಾರ್ಬನ್ ನಳಿಕೆಯನ್ನು ಅಭಿವೃದ್ಧಿಪಡಿಸಿದುದಾಗಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ರೂಪುಗೊಂಡ ಈ ನಳಿಕೆಯನ್ನು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಮಾರ್ಚ್ 19ರಂದು 60 ಸೆಕೆಂಡ್, ಏಪ್ರಿಲ್ 2ರಂದು 200 ಸೆಕೆಂಡ್ ಉರಿಸಿ ಪರೀಕ್ಷಿಸಲಾಯಿತು. ತಾಪ 1,216 ಕೆಲ್ವಿನ್, ಅಂದರೆ ಸುಮಾರು 943° ಸೆ. ಮುಟ್ಟಿತು. ಉತ್ಕರ್ಷಣ ತಡೆಯಲು ಸಿಲಿಕಾನ್ ಕಾರ್ಬೈಡ್ ಲೇಪನವಿದೆ. ಕೊಲಂಬಿಯಂ ಮಿಶ್ರಲೋಹದ ನಳಿಕೆಗೆ ಬದಲಾಗಿ ಇದನ್ನು ಬಳಸಿದರೆ ನಳಿಕೆಯ ತೂಕ ಸುಮಾರು ಶೇ. 67 ತಗ್ಗಿ, ರಾಕೆಟ್ 15 ಕಿ.ಗ್ರಾಂ. ಹೆಚ್ಚು ಹೊರೆ ಒಯ್ಯಬಲ್ಲದು. ಗಾಳಿಯಲ್ಲಿ ಕಾರ್ಬನ್ ಉರಿಯತೊಡಗುವ ಮಟ್ಟವನ್ನು ಈ ತಾಪ ಬಹಳ ಮೀರಿರುವುದರಿಂದ, ಲೇಪನದ ಕೆಳಗಿನ ವಸ್ತು ತನ್ನ ಬಿಗುಪನ್ನು ಉಳಿಸಿಕೊಂಡಿದೆಯೆ ಎಂಬ ಪ್ರಶ್ನೆಗೆ ಶಬ್ದವೇಗ ಮಾಪನ ಉತ್ತರ ಕೊಡಬಲ್ಲದು.

  

ಇಂದಿನ ಸ್ಥಿತಿ

ರಾಳದ ಕಾಂಪೋಸಿಟ್‌ಗಳ ತಾಪವ್ಯಾಪ್ತಿಯಲ್ಲಿ ಶಬ್ದವೇಗ ಮಾಪನ ಪಳಗಿದ ತಂತ್ರ. ಅನುರಣನ ವಿಧಾನದ ಕುಲುಮೆಸಹಿತ ಉಪಕರಣಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಲೇಸರ್ ವಿಧಾನ ಯುದ್ಧವಿಮಾನಗಳ ಕಾಂಪೋಸಿಟ್ ಭಾಗಗಳ ತಪಾಸಣೆಗೆ ಕಾರ್ಖಾನೆಗಳಲ್ಲಿ ಕೊಠಡಿಯ ತಾಪದಲ್ಲಿ ಬಳಕೆಯಲ್ಲಿದ್ದರೂ, 1,500° ಸೆ. ಮೀರಿದ ಮಾಪನ ಮುಖ್ಯವಾಗಿ ಸಂಶೋಧನಾ ಪ್ರಯೋಗಾಲಯಗಳ ಕೆಲಸವಾಗಿಯೇ ಇದೆ. ಒಂಬತ್ತೂ ಗುಣಾಂಕಗಳನ್ನು ಒಂದೇ ಮಾದರಿಯಿಂದ, ಒಂದೇ ಕಾಯಿಸುವಿಕೆಯಲ್ಲಿ ಪಡೆಯುವುದು; ಲೇಪನ ಮತ್ತು ಒಳವಸ್ತುವಿನ ಸಂಕೇತಗಳನ್ನು ಬಿಡಿಸಿ ಓದುವುದು; ಕೆಲವೇ ಸೆಕೆಂಡುಗಳಲ್ಲಿ ಸಾವಿರ ಡಿಗ್ರಿ ಏರುವ ಭಾಗದಲ್ಲಿ ತಾಪದ ಏರಿಳಿತದೊಂದಿಗೇ ವೇಗವನ್ನು ಹಿಂಬಾಲಿಸುವುದು ಈ ಕ್ಷೇತ್ರದ ಮುಂದಿರುವ ಮೂರು ಮುಖ್ಯ ಕೆಲಸಗಳು. ತರಂಗವಾಹಕಗಳು, ಹಸಿರು ಲೇಸರ್ ಗ್ರಾಹಕಗಳು ಮತ್ತು ಲ್ಯಾಂಬ್ ತರಂಗಗಳಿಂದ ಗುಣಾಂಕಗಳನ್ನು ಹಿಮ್ಮುಖವಾಗಿ ಲೆಕ್ಕಹಾಕುವ ಗಣಿತಕ್ರಮಗಳು ಈ ದಿಕ್ಕಿನಲ್ಲಿ ಬೆಳೆಯುತ್ತಿವೆ.